ಬಡತನ ಉಳಿಸಿದ ಊರು, ದುರಸ್ತಿ ಬದುಕಿಸಿದ ಊರು

ಜರ್ಮನಿಯ ಕುಟುಂಬಗಳಲ್ಲಿ ಬೇಸಿಗೆಯ ದೀರ್ಘ ರಜೆಯಲ್ಲದೆ, ಶುಕ್ರವಾರ ಹೊರಟು ಭಾನುವಾರ ಮನೆಗೆ ಮರಳುವ ಕಿರು ಪ್ರವಾಸದ ರೂಢಿಯೂ ಇದೆ. ದೂರದ ಕಡಲತೀರಕ್ಕೆ ಹೋಗಿಬರಲು ಈ ಎರಡು ಮೂರು ದಿನ ಸಾಲದು. ಹಾಗಾಗಿ ಮಕ್ಕಳೂ ಅಜ್ಜ ಅಜ್ಜಿಯರೂ ಒಟ್ಟಿಗೆ ನಡೆದು ನೋಡಬಹುದಾದ, ಒಂದು ದಿನದಲ್ಲಿ ಸುತ್ತಿ ಮುಗಿಯುವಷ್ಟು ಚಿಕ್ಕದಾದ, ಆದರೆ ಮೂರು ದಿನ ನೋಡಿದರೂ ಬೇಸರ ತರಿಸದ ಹಳೆಯ ಊರುಗಳಿಗೆ ಬೇಡಿಕೆ ಹೆಚ್ಚು. ಅಂಥ ಊರುಗಳಲ್ಲಿ ಮುಂಚೂಣಿಯಲ್ಲಿರುವುದು ಕ್ವೆಡ್ಲಿನ್‌ಬರ್ಗ್. ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯದಲ್ಲಿ, ಹಾರ್ಟ್ಸ್ ಪರ್ವತಶ್ರೇಣಿಯ ಉತ್ತರದ ಅಂಚಿನಲ್ಲಿ, ಬೋಡೆ ನದಿಯ ದಡದ ಮೇಲೆ ಈ ಪಟ್ಟಣವಿದೆ.

ಇಲ್ಲಿಗೆ ಬಂದ ಮಕ್ಕಳಿಗೆ ಮೊದಲು ಹಿಡಿಸುವುದು ಮನೆಗಳ ಸೊಟ್ಟತನ. ಮೇಲಂತಸ್ತುಗಳು ಬೀದಿಯ ಕಡೆಗೆ ಬಾಗಿ ಎದುರುಮನೆಯೊಡನೆ ಗುಟ್ಟು ಮಾತನಾಡುವಂತೆ ಕಾಣುತ್ತವೆ. ತಂಗುವ ಕೋಣೆಯ ನೆಲದ ಮೇಲೆ ಗೋಲಿಯಿಟ್ಟರೆ ಅದು ತಾನಾಗಿಯೇ ಮೂಲೆಗೆ ಉರುಳಿಹೋಗಬಹುದು. ಕಪ್ಪು ಅಥವಾ ಕೆಂಗಂದು ಬಣ್ಣದ ತೊಲೆಗಳು, ಅವುಗಳ ನಡುವೆ ಬಿಳಿ, ಹಳದಿ, ಮಣ್ಣಿನ ಬಣ್ಣದ ಗೋಡೆಯ ತುಂಡುಗಳು: ಇಡೀ ಬೀದಿ ಯಾರೋ ಅಳತೆಪಟ್ಟಿ ಇಲ್ಲದೆ ಬರೆದ ಚಿತ್ರದಂತಿರುತ್ತದೆ. ಇಂಥ ಮರಚೌಕಟ್ಟಿನ ಮನೆಗಳಿಗೆ ಜರ್ಮನ್ ಭಾಷೆಯಲ್ಲಿ ಫಾಖ್‌ವೆರ್ಕ್ ಎನ್ನುತ್ತಾರೆ. ಹಿಂದಿನ ಎಣಿಕೆಗಳ ಪ್ರಕಾರ ಕ್ವೆಡ್ಲಿನ್‌ಬರ್ಗ್‌ನಲ್ಲಿ ಇವು 1,300ಕ್ಕೂ ಹೆಚ್ಚು. ಇತ್ತೀಚಿನ ಎಣಿಕೆ 2,000ವನ್ನು ದಾಟಿದೆ. ಇಪ್ಪತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಪಟ್ಟಣಕ್ಕೆ ಇದು ಬಹು ದೊಡ್ಡ ಸಂಖ್ಯೆ.

ಬೆಂಕಿಗೆ ಸುಲಭವಾಗಿ ತುತ್ತಾಗುವ, ಮಳೆಗೆ ಕೊಳೆಯುವ ಮರದ ಮನೆಗಳು ಇಷ್ಟೊಂದು ಸಂಖ್ಯೆಯಲ್ಲಿ ಹೇಗೆ ಉಳಿದವು? ಯಾವನೋ ದೂರದರ್ಶಿ ಅರಸ ಅವುಗಳನ್ನು ಕಾಪಾಡಿದ ಎಂಬ ಕಥೆ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ನಿಜಸಂಗತಿ ಬೇರೆ. ಈ ಊರು ಉಳಿದದ್ದಕ್ಕೆ ಮುಖ್ಯ ಕಾರಣ, ಅದನ್ನು ಕೆಡವಿ ಹೊಸದಾಗಿ ಕಟ್ಟಲು ಬೇಕಾದ ಹಣ ಬೇಕಾದ ಹೊತ್ತಿನಲ್ಲಿ ಯಾರ ಬಳಿಯೂ ಇರಲಿಲ್ಲ ಎಂಬುದು.

ಮಹಿಳೆಯರ ಆಳ್ವಿಕೆ

ಕ್ವೆಡ್ಲಿನ್‌ಬರ್ಗ್‌ನ ಹೆಸರು ಮೊದಲು ಕಾಣಿಸುವುದು 922ರ ಒಂದು ರಾಜಶಾಸನದಲ್ಲಿ. ಅದನ್ನು ಹೊರಡಿಸಿದವನು 919ರಲ್ಲಿ ದೊರೆಯಾದ ಒಂದನೆಯ ಹೈನ್‌ರಿಖ್. ಕೋಟೆಗುಡ್ಡದ ಕೆಳಗಿರುವ ಫಿಂಕೆನ್‌ಹೆರ್ಡ್ ಎಂಬ ಜಾಗದಲ್ಲಿ ಹಕ್ಕಿಗಳಿಗೆ ಬಲೆಯೊಡ್ಡಿ ಕುಳಿತಿದ್ದಾಗ, ತಾನು ರಾಜನಾಗಿ ಆಯ್ಕೆಯಾದ ಸುದ್ದಿ ಅವನಿಗೆ ತಲುಪಿತೆಂದು ಮಕ್ಕಳಿಗೆ ಹೇಳುವುದುಂಟು. ಇದು ಬಹುಕಾಲದ ನಂತರ ಹುಟ್ಟಿದ ಕಥೆ. ಬೇರೆ ಊರುಗಳೂ ಇದನ್ನು ತಮ್ಮದೆನ್ನುತ್ತವೆ. 936ರಲ್ಲಿ ಮೆಮ್‌ಲೆಬೆನ್‌ನಲ್ಲಿ ತೀರಿಕೊಂಡ ಹೈನ್‌ರಿಖ್‌ನನ್ನು ಕ್ವೆಡ್ಲಿನ್‌ಬರ್ಗ್‌ನ ಗುಡ್ಡದ ಮೇಲೆ ಸಮಾಧಿ ಮಾಡಿದ್ದು ಮಾತ್ರ ಇತಿಹಾಸ.

ಅದೇ ವರ್ಷ ಅವನ ವಿಧವೆ ಮಟಿಲ್ಡೆಯ ಇಚ್ಛೆಯಂತೆ, ಮಗ ಒಂದನೆಯ ಒಟ್ಟೋ ಅಲ್ಲಿ ಮಹಿಳೆಯರ ಮಠವೊಂದನ್ನು ಸ್ಥಾಪಿಸಿದ. ಉನ್ನತ ಮನೆತನದ ಹೆಣ್ಣುಮಕ್ಕಳು ಇಲ್ಲಿ ಓದು ಬರಹ ಕಲಿತು, ಸತ್ತವರ ಸದ್ಗತಿಗಾಗಿ ಪ್ರಾರ್ಥಿಸುತ್ತ ಬಾಳುತ್ತಿದ್ದರು. ಅವರು ಸನ್ಯಾಸಿನಿಯರಂತೆ ಜೀವಮಾನದ ವ್ರತ ತೊಟ್ಟವರಲ್ಲ. ಮಠಾಧ್ಯಕ್ಷೆಯ ಹೊರತು ಉಳಿದವರು ಬಯಸಿದರೆ ಹೊರಬಂದು ಮದುವೆಯಾಗಬಹುದಿತ್ತು. ಮೊದಲ ಮಠಾಧ್ಯಕ್ಷೆಯಾದವಳು ಒಟ್ಟೋನ ಮಗಳು, ಅಜ್ಜಿಯ ಹೆಸರನ್ನೇ ಹೊತ್ತ ಮಟಿಲ್ಡೆ. ಅವಳ ಸಹೋದರನ ಮಗ ಮೂರನೆಯ ಒಟ್ಟೋ ಇಟಲಿಗೆ ಹೋದಾಗ, 997ರಿಂದ 999ರವರೆಗೆ ಅವನ ಪರವಾಗಿ ರಾಜ್ಯಭಾರ ನೋಡಿಕೊಂಡವಳು ಅವಳೇ. ಇದೇ ಮೂರನೆಯ ಒಟ್ಟೋ 994ರಲ್ಲಿ ಮಠಕ್ಕೆ ಸಂತೆ ನಡೆಸುವ, ನಾಣ್ಯ ಟಂಕಿಸುವ ಮತ್ತು ಸುಂಕ ವಸೂಲಿ ಮಾಡುವ ಹಕ್ಕು ನೀಡಿದ್ದ. ಗುಡ್ಡದ ಕೆಳಗೆ ವ್ಯಾಪಾರಿಗಳೂ ಕುಶಲಕರ್ಮಿಗಳೂ ನೆಲೆಸಿ ಪಟ್ಟಣ ಬೆಳೆಯಲು ಇದು ನೆರವಾಯಿತು.

ಮೇಲಿನ ಗುಡ್ಡಕ್ಕೂ ಕೆಳಗಿನ ಪೇಟೆಗೂ ಹೊಂದಾಣಿಕೆ ಸದಾ ಇರಲಿಲ್ಲ. ಶ್ರೀಮಂತರಾದ ವರ್ತಕರು ಸ್ವಾತಂತ್ರ್ಯ ಬಯಸಿದರು. ಪಟ್ಟಣ 1426ರಲ್ಲಿ ಉತ್ತರ ಜರ್ಮನಿಯ ವ್ಯಾಪಾರಿ ನಗರಗಳ ಕೂಟವಾದ ಹಾನ್ಸಾ ಸೇರಿತು. ಆದರೆ 1477ರಲ್ಲಿ ಮಠಾಧ್ಯಕ್ಷೆ ಹೆಡ್ವಿಗ್, ಸ್ಯಾಕ್ಸನಿಯ ಅರಸರಾಗಿದ್ದ ತನ್ನ ಸಹೋದರರ ಸೇನೆಯನ್ನು ಕರೆಸಿ ಪಟ್ಟಣವನ್ನು ಮಣಿಸಿದಳು. ಪೌರಸ್ವಾತಂತ್ರ್ಯದ ಸಂಕೇತವಾಗಿ ನಿಂತಿದ್ದ ರೋಲಾಂಡ್ ಎಂಬ ವೀರನ ಕಲ್ಲಿನ ಪ್ರತಿಮೆಯನ್ನು ಉರುಳಿಸಲಾಯಿತು. ಅದು ಮತ್ತೆ ಎದ್ದು ನಿಂತದ್ದು 1869ರಲ್ಲಿ. ಪುರಭವನದ ಮುಂದೆ ಇಂದು ಮಕ್ಕಳು ನಿಂತು ಫೋಟೋ ತೆಗೆಸಿಕೊಳ್ಳುವ ಈ ಪ್ರತಿಮೆಯ ಹಿಂದೆ ಸೋತ ಪಟ್ಟಣವೊಂದರ ನೆನಪಿದೆ. ಹಾನ್ಸಾ ಕೂಟದಿಂದ ಹೊರಬಿದ್ದ ಊರು ದೊಡ್ಡ ವಾಣಿಜ್ಯ ನಗರವಾಗಲಿಲ್ಲ. ಅದು ಚಿಕ್ಕದಾಗಿಯೇ ಉಳಿದದ್ದು ಮರದ ಮನೆಗಳ ಮಟ್ಟಿಗೆ ಮೊದಲ ಅದೃಷ್ಟವೆನ್ನಬೇಕು.

ಮನೆಯೂ ಚರಾಸ್ತಿ

ಮರಚೌಕಟ್ಟಿನ ಮನೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಒಂದು ವಿಷಯ ಗಮನಿಸಬೇಕು: ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಚೌಕಟ್ಟು. ಕಲ್ಲಿನ ತಳಪಾಯದ ಮೇಲೆ ಅಡಿತೊಲೆ, ಅದರ ಮೇಲೆ ನೆಟ್ಟ ಕಂಬಗಳು, ಕಂಬಗಳ ತಲೆಯ ಮೇಲೆ ಅಡ್ಡತೊಲೆ, ಇಡೀ ಚೌಕಟ್ಟು ಪಕ್ಕಕ್ಕೆ ವಾಲದಂತೆ ಹಿಡಿದಿಡುವ ಓರೆ ಮರಗಳು. ಒಂದು ಮರದ ತುದಿಯನ್ನು ನಾಲಗೆಯಂತೆ ಕೆತ್ತಿ ಇನ್ನೊಂದರ ತೂತಿಗೆ ಸೇರಿಸಿ, ಮರದ ಗೂಟ ಬಡಿದರೆ ಕೀಲು ಬಿಗಿಯಾಗುತ್ತದೆ. ಕಬ್ಬಿಣದ ಮೊಳೆಯ ಅಗತ್ಯವಿಲ್ಲ. ಚೌಕಟ್ಟಿನ ನಡುವಣ ಖಾಲಿ ಜಾಗದಲ್ಲಿ ಕಡ್ಡಿಗಳನ್ನು ತಡಿಕೆಯಂತೆ ಹೆಣೆದು, ಹುಲ್ಲು ಬೆರೆಸಿದ ಜೇಡಿಮಣ್ಣನ್ನು ಮೆತ್ತಿ, ಒಣಗಿದ ಮೇಲೆ ಸುಣ್ಣ ಬಳಿಯುತ್ತಿದ್ದರು. ಓಕ್ ಮರ, ಜೇಡಿ, ಹುಲ್ಲು, ಸುಣ್ಣ: ಎಲ್ಲವೂ ಹತ್ತಿರದಲ್ಲೇ ಸಿಗುವ ಸಾಮಗ್ರಿಗಳು.

ಬಡಗಿಗಳು ಮರವನ್ನು ಹಸಿಯಾಗಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಜಗ್ಗುವುದಿಲ್ಲ. ಮನೆಯ ಒಂದೊಂದು ಪಕ್ಕವನ್ನೂ ಬಯಲಿನಲ್ಲಿ ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡಿ, ಪ್ರತಿ ತುಂಡಿಗೂ ರೋಮನ್ ಅಂಕಿಯಂಥ ಗುರುತು ಕೊರೆದು, ಬಿಚ್ಚಿ, ನಿವೇಶನಕ್ಕೆ ಸಾಗಿಸಿ ಎತ್ತಿ ನಿಲ್ಲಿಸುತ್ತಿದ್ದರು. ಆ ಗುರುತುಗಳು ಹಲವು ತೊಲೆಗಳ ಮೇಲೆ ಇಂದಿಗೂ ಕಾಣುತ್ತವೆ. ಹಸಿಮರ ಮುಂದೆ ಹಲವು ವರ್ಷಗಳಲ್ಲಿ ಒಣಗುತ್ತ, ಕುಗ್ಗುತ್ತ, ತಿರುಚಿಕೊಳ್ಳುತ್ತ ಹೋದಂತೆ ಮನೆ ಸೊಟ್ಟಗಾಗುತ್ತದೆ. ಆದರೆ ಕೀಲುಗಳು ಇನ್ನಷ್ಟು ಬಿಗಿಯಾಗುತ್ತವೆ. ಹಾಗಾಗಿ ಪ್ರವಾಸಿಗರಿಗೆ ವಿನೋದವೆನಿಸುವ ಸೊಟ್ಟತನ ಎಲ್ಲ ಮನೆಗಳಲ್ಲೂ ಶಿಥಿಲತೆಯ ಲಕ್ಷಣವಲ್ಲ.

ಕಟ್ಟಿದ ಮನೆಯನ್ನು ಬಿಚ್ಚಿ ಬೇರೆಡೆ ನಿಲ್ಲಿಸಲು ಸಾಧ್ಯವಿದ್ದುದರಿಂದ ಕಾನೂನೂ ಅದನ್ನು ಹಾಗೆಯೇ ಕಂಡಿತು. ಪಂಜಿನ ಬೆಂಕಿಗೆ ಉರಿದುಹೋಗಬಲ್ಲದ್ದು ಚರಾಸ್ತಿ ಎಂಬುದು ಹಳೆಯ ಜರ್ಮನ್ ನ್ಯಾಯಪದ್ಧತಿಯ ಒಂದು ಸೂತ್ರ. ಅದರ ಪ್ರಕಾರ ನೆಲ ಸ್ಥಿರ, ಮರದ ಮನೆ ಚರ. ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ, ಕಳಚಿ ಬದಲಿಸಬಹುದಾದ ಜೋಡಣೆ ಎಂಬ ತಿಳಿವಳಿಕೆ ಇದರಲ್ಲಿ ಅಡಗಿದೆ.

ಕ್ವೆಡ್ಲಿನ್‌ಬರ್ಗ್‌ನ ವಿಶೇಷವೆಂದರೆ ಈ ಕಲೆಯ ಹಲವು ಶತಮಾನಗಳ ಬೆಳವಣಿಗೆಯನ್ನು ನಡೆದುಕೊಂಡೇ ನೋಡಬಹುದು. ವೋರ್ಡ್‌ಗಾಸೆ ಎಂಬ ಓಣಿಯಲ್ಲಿರುವ ಪುಟ್ಟ ಮನೆ ಹದಿನಾಲ್ಕನೆಯ ಶತಮಾನದ ಮಧ್ಯಭಾಗದ್ದೆಂದು ಅದರ ಮರದ ಉಂಗುರಗಳ ಅಧ್ಯಯನ ತಿಳಿಸಿದೆ. ಅದರ ಕಂಬಗಳು ನೆಲದಿಂದ ಸೂರಿನವರೆಗೆ ಒಂದೇ ಮರದವು. ಈಗ ವಸ್ತುಸಂಗ್ರಹಾಲಯವಾಗಿರುವ ಈ ಮನೆಯಲ್ಲಿ 1960ರ ದಶಕದವರೆಗೂ ಜನ ವಾಸವಾಗಿದ್ದರು. ಅಷ್ಟು ಉದ್ದದ ಮರಗಳನ್ನು ಒದಗಿಸುವುದು ಕಷ್ಟ. ಮುಂದೆ ಒಂದೊಂದು ಅಂತಸ್ತನ್ನೂ ಬೇರೆ ಬೇರೆ ಪೆಟ್ಟಿಗೆಯಂತೆ ಕಟ್ಟಿ ಒಂದರ ಮೇಲೊಂದು ಇಡುವ ಕ್ರಮ ಬಂತು. ಇದರಿಂದ ಮೇಲಿನ ಅಂತಸ್ತನ್ನು ಬೀದಿಯ ಕಡೆಗೆ ಸ್ವಲ್ಪ ಮುಂದೆ ಚಾಚಿಸಿ ಜಾಗ ಗಳಿಸಲು ಸಾಧ್ಯವಾಯಿತು. ಕೆಳಗಿನ ಗೋಡೆಗೆ ಮಳೆಯಿಂದ ರಕ್ಷಣೆಯೂ ದೊರೆಯಿತು.

ಅಲಂಕಾರವೂ ಕಾಲಕ್ಕೆ ತಕ್ಕಂತೆ ಬದಲಾಯಿತು. ಹದಿನಾರನೆಯ ಶತಮಾನದ ಮನೆಗಳ ಮೇಲೆ ಬೀಸಣಿಗೆಯಂತೆ ಅರಳಿದ ಅರ್ಧವೃತ್ತದ ಕೆತ್ತನೆ ಕಂಡರೆ, ಆನಂತರದ ಮನೆಗಳಲ್ಲಿ ತೊಲೆಗಳ ತುದಿಯನ್ನು ಪಿರಮಿಡ್ಡಿನಂತೆ ಚೂಪಾಗಿಸಿದ್ದು ಕಾಣುತ್ತದೆ. ಅನೇಕ ಬಾಗಿಲುಗಳ ಮೇಲೆ ಕಟ್ಟಿದ ವರ್ಷವನ್ನೂ ಕಟ್ಟಿಸಿದವರ ಹೆಸರನ್ನೂ ಕೊರೆದಿದ್ದಾರೆ. ವರ್ಷವನ್ನು ಕೈಯಿಂದ ಮುಚ್ಚಿ, ಕೆತ್ತನೆಯನ್ನಷ್ಟೇ ನೋಡಿ ಮನೆಯ ವಯಸ್ಸು ಊಹಿಸುವ ಆಟವನ್ನು ಹತ್ತು ವರ್ಷದ ಮಕ್ಕಳೂ ಬೇಗ ಕಲಿಯಬಲ್ಲರು.

ಈ ಮನೆಗಳಲ್ಲಿ ಬಾಳಿದವರೂ ಸಾಮಾನ್ಯರಲ್ಲ. ಕವಿ ಕ್ಲಾಪ್‌ಸ್ಟಾಕ್ 1724ರಲ್ಲಿ ಹುಟ್ಟಿದ್ದು ಗುಡ್ಡದ ಬುಡದ ಒಂದು ಮರಚೌಕಟ್ಟಿನ ಮನೆಯಲ್ಲಿ. 1715ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಡೊರೊಥೇಯಾ ಎರ್ಕ್ಸ್‌ಲೆಬೆನ್, ಹೆಣ್ಣುಮಕ್ಕಳ ವ್ಯಾಸಂಗಕ್ಕೆ ಅಡ್ಡಬರುವ ಕಾರಣಗಳನ್ನು ಕುರಿತು 1742ರಲ್ಲಿ ಪುಸ್ತಕ ಪ್ರಕಟಿಸಿ, 1754ರಲ್ಲಿ ಹಾಲೆ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದಳು. ಜರ್ಮನಿಯಲ್ಲಿ ಆ ಪದವಿ ಪಡೆದ ಮೊದಲ ಮಹಿಳೆ ಆಕೆ.

ಕೊರತೆಯೇ ಕಾವಲಾಯಿತು

ಮಠದ ಆಳ್ವಿಕೆ 1802-03ರಲ್ಲಿ ಕೊನೆಗೊಂಡು ಊರು ಪ್ರಷ್ಯಾದ ವಶವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಹೂವು, ತರಕಾರಿ ಮತ್ತು ಸಕ್ಕರೆ ಬೀಟ್‌ರೂಟಿನ ಬೀಜೋತ್ಪಾದನೆ ದೊಡ್ಡ ಉದ್ಯಮವಾಗಿ ಬೆಳೆಯಿತು. ಆದರೆ ಬೀಜದ ವ್ಯಾಪಾರಕ್ಕೆ ಬೇಕಾದದ್ದು ಹೊಲ. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲ. ಹೊಸ ಹಣ ಕೋಟೆಗೋಡೆಯ ಹೊರಗೆ ಬಂಗಲೆಗಳನ್ನು ಕಟ್ಟಿತು. ಒಳಗಿನ ಮನೆಗಳಲ್ಲಿ ಕೂಲಿಕಾರರೂ ಚಿಕ್ಕಪುಟ್ಟ ಕಸುಬಿನವರೂ ಉಳಿದರು. ಇದು ಎರಡನೆಯ ಅದೃಷ್ಟ.

ನಾಜಿಗಳ ಕಾಲದಲ್ಲಿ ಊರಿನ ಇತಿಹಾಸ ವಿಕೃತ ಬಳಕೆಗೆ ತುತ್ತಾಯಿತು. ಹೈನ್‌ರಿಖ್ ಸತ್ತು ಸಾವಿರ ವರ್ಷವಾದ ನೆಪದಲ್ಲಿ 1936ರಲ್ಲಿ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ ಇಲ್ಲಿ ಸಮಾರಂಭ ನಡೆಸಿದ. 1938ರಲ್ಲಿ ಭಕ್ತರನ್ನು ಹೊರಗೆ ಹಾಕಿ ಚರ್ಚನ್ನೇ ಆ ಪಡೆ ವಶಪಡಿಸಿಕೊಂಡಿತು. 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ ಬಂದಾಗ ಊರು ಹೆಚ್ಚು ಹಾನಿಯಿಲ್ಲದೆ ಉಳಿಯಿತು. ಆದರೆ ಸುರಕ್ಷತೆಗಾಗಿ ಗುಹೆಯಲ್ಲಿ ಬಚ್ಚಿಟ್ಟಿದ್ದ ಚರ್ಚಿನ ಪ್ರಾಚೀನ ನಿಧಿಯಿಂದ ಹನ್ನೆರಡು ವಸ್ತುಗಳನ್ನು ಒಬ್ಬ ಅಮೆರಿಕನ್ ಸೇನಾಧಿಕಾರಿ ಕದ್ದು ಅಂಚೆಯಲ್ಲಿ ಟೆಕ್ಸಸ್‌ಗೆ ಕಳಿಸಿದ. ಅವನು ಸತ್ತ ನಂತರ, ವಾರಸುದಾರರು ಮಾರಲು ಹೊರಟಾಗ ಸಂಗತಿ ಬೆಳಕಿಗೆ ಬಂತು. ಬಂಗಾರದ ಮಸಿಯಲ್ಲಿ ಬರೆದ ಒಂಬತ್ತನೆಯ ಶತಮಾನದ ಸುವಾರ್ತೆಯ ಪುಸ್ತಕವೂ ಸೇರಿ ಹತ್ತು ವಸ್ತುಗಳು 1993ರಲ್ಲಿ ಊರಿಗೆ ಹಿಂದಿರುಗಿದವು.

ಕಳೆದುಹೋದ ಬಂಗಾರವನ್ನು ಮರಳಿ ತರಬಹುದು, ಕುಸಿದ ಬೀದಿಯನ್ನು ತರಲಾಗದು. ಯುದ್ಧಾನಂತರ ಊರು ಸೋವಿಯತ್ ವಲಯಕ್ಕೂ, 1949ರಿಂದ ಪೂರ್ವ ಜರ್ಮನಿಗೂ ಸೇರಿತು. ಅಲ್ಲಿ ಬಾಡಿಗೆಗಳನ್ನು ಸರ್ಕಾರ ತೀರ ಕಡಿಮೆ ಮಟ್ಟದಲ್ಲಿ ಕಟ್ಟಿಹಾಕಿತ್ತು. ಬಾಡಿಗೆದಾರರಿಗೆ ಅನುಕೂಲವಾದ ಈ ನೀತಿಯಿಂದ ಮನೆಯ ಛಾವಣಿ ಸರಿಮಾಡಿಸುವಷ್ಟೂ ಹಣ ಮಾಲೀಕನಿಗೆ ಹುಟ್ಟುತ್ತಿರಲಿಲ್ಲ. ಹಣವಿದ್ದರೂ ಹೆಂಚು, ಮರ, ಸುಣ್ಣ ಸಿಗುತ್ತಿರಲಿಲ್ಲ. ಮನೆಯೊಳಗೆ ಸ್ನಾನದ ಕೋಣೆಯಿಲ್ಲ, ಚಳಿಗಾಲದಲ್ಲಿ ಕಲ್ಲಿದ್ದಲು ಹೊತ್ತು ತರಬೇಕು. ಊರಂಚಿನಲ್ಲಿ ಎದ್ದ ಕಾಂಕ್ರೀಟ್ ಫಲಕದ ವಸತಿಗಳಲ್ಲಿ ಬಿಸಿನೀರೂ ಬಚ್ಚಲೂ ಇರುವಾಗ ಎಳೆಯ ಮಕ್ಕಳಿದ್ದ ಕುಟುಂಬಗಳು ಅತ್ತ ಹೋದದ್ದನ್ನು ತಪ್ಪೆನ್ನಲಾಗದು. ಖಾಲಿಯಾದ ಮನೆಯ ಛಾವಣಿಯಲ್ಲಿ ಒಂದು ಹೆಂಚು ಜಾರಿದರೆ ಹೇಳುವವರಿರಲಿಲ್ಲ. ಅಲ್ಲಿಂದ ಇಳಿದ ನೀರು ಕೆಲವೇ ವರ್ಷಗಳಲ್ಲಿ ತೊಲೆಯ ತುದಿಯನ್ನು ಕೊಳೆಸುತ್ತಿತ್ತು.

1960ರ ದಶಕದಲ್ಲಿ ಹಳೆಯ ಪೇಟೆಯ ಬಹುಭಾಗವನ್ನು ನೆಲಸಮ ಮಾಡಿ ಹೊಸ ಕಟ್ಟಡಗಳನ್ನು ಎಬ್ಬಿಸುವ ಯೋಜನೆ ಸಿದ್ಧವಾಗಿತ್ತು. ಅದು ಕಾಗದದಲ್ಲೇ ಉಳಿದದ್ದು ಸಂರಕ್ಷಣೆಯ ಕಾಳಜಿಗಿಂತ ಹೆಚ್ಚಾಗಿ ಹಣದ ಅಭಾವದಿಂದ. ಪಶ್ಚಿಮ ಜರ್ಮನಿಯ ಎಷ್ಟೋ ಊರುಗಳಲ್ಲಿ ಇದೇ ಅವಧಿಯಲ್ಲಿ ಸಮೃದ್ಧಿಯೇ ಹಳೆಯ ಬೀದಿಗಳನ್ನು ಕೆಡವಿ ಅಂಗಡಿಮಳಿಗೆಗಳನ್ನೂ ಅಗಲ ರಸ್ತೆಗಳನ್ನೂ ತಂದಿತು. ಕ್ವೆಡ್ಲಿನ್‌ಬರ್ಗ್‌ನಲ್ಲಿ ಪೋಲೆಂಡಿನ ಟೊರೂನ್ ನಗರದ ನುರಿತ ಕುಶಲಕರ್ಮಿಗಳನ್ನು ಕರೆಸಿ ಕೆಲವು ಮನೆಗಳನ್ನು ದುರಸ್ತಿ ಮಾಡಿಸಿದ್ದೂ ಉಂಟು. 1980ರ ದಶಕದಲ್ಲಿ ಮಾರುಕಟ್ಟೆಯ ಉತ್ತರಕ್ಕೆ ಕುಸಿದ ಮನೆಗಳ ಜಾಗದಲ್ಲಿ, ಇಳಿಜಾರು ಛಾವಣಿಯಿಟ್ಟು ಹಳೆಯ ಬೀದಿಗೆ ಹೊಂದಿಸಲು ಯತ್ನಿಸಿದ ಕಾಂಕ್ರೀಟ್ ಮನೆಗಳು ಬಂದವು. ಆದರೆ ಕೊಳೆಯುವ ವೇಗ ದುರಸ್ತಿಯ ವೇಗಕ್ಕಿಂತ ಹೆಚ್ಚಾಗಿತ್ತು. 1989ರಲ್ಲಿ ಪೂರ್ವ ಜರ್ಮನಿಯ ವ್ಯವಸ್ಥೆ ಕುಸಿದುಬೀಳುವ ಹೊತ್ತಿಗೆ ಅನೇಕ ಮನೆಗಳು ಆಸರೆಗೋಲುಗಳ ಮೇಲೆ ನಿಂತಿದ್ದವು. ಬಡತನ ಊರನ್ನು ಉಳಿಸಿದ್ದು ನಿಜ. ಇನ್ನಷ್ಟು ಕಾಲ ಕಳೆದಿದ್ದರೆ ಅದೇ ಬಡತನ ಊರನ್ನು ಮುಗಿಸುತ್ತಿತ್ತು ಎಂಬುದೂ ಅಷ್ಟೇ ನಿಜ.

ಜೇಡಿಯ ಜಾಣ್ಮೆ

1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಹಣ ಹರಿದು ಬಂತು. 1994ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಕ್ವೆಡ್ಲಿನ್‌ಬರ್ಗ್‌ನ ಚರ್ಚು, ಕೋಟೆ ಮತ್ತು ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೆಯ ಹಕ್ಕು ಸಿಕ್ಕಿ ಸರಿಯಾಗಿ ಸಾವಿರ ವರ್ಷವಾಗಿತ್ತು. ಆದರೆ ಹಣ ಬಂದ ಕೂಡಲೇ ಕಷ್ಟ ತೀರಲಿಲ್ಲ. ಹಿಂದೆ ಮನೆ ಕಳೆದುಕೊಂಡವರ ಹಕ್ಕುದಾರಿಕೆ ತೀರ್ಮಾನವಾಗದೆ ಪೂರ್ವ ಜರ್ಮನಿಯುದ್ದಕ್ಕೂ ಅನೇಕ ಕಟ್ಟಡಗಳ ಕೆಲಸ ತಡವಾಯಿತು. ಇನ್ನೊಂದು ಅಪಾಯ ದುರಸ್ತಿಯ ವಿಧಾನದಲ್ಲೇ ಇತ್ತು.

ಮರಚೌಕಟ್ಟಿನ ಮನೆ ಉಸಿರಾಡುವ ಮನೆ. ಜೇಡಿಗೋಡೆ ಮಳೆಯ ತೇವವನ್ನು ಹೀರಿಕೊಂಡು ಬಿಸಿಲಿಗೆ ಬಿಟ್ಟುಕೊಡುತ್ತದೆ. ತನ್ನ ಪಕ್ಕದ ಮರದಲ್ಲಿರುವ ನೀರನ್ನೂ ಎಳೆದುಕೊಂಡು ಅದನ್ನು ಒಣದಾಗಿಡುತ್ತದೆ. ಜೇಡಿಯ ಬದಲು ಸಿಮೆಂಟು ಗಾರೆ ಹಾಕಿದರೆ ಮೊದಲ ವರ್ಷ ಗೋಡೆ ಥಳಥಳಿಸುತ್ತದೆ. ಆದರೆ ಮರ ಹಿಗ್ಗಿ ಕುಗ್ಗುವಾಗ ಗಡುಸಾದ ಸಿಮೆಂಟಿನ ಅಂಚಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಬಿರುಕಿನೊಳಗೆ ಮಳೆನೀರು ಇಳಿಯುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಶತಮಾನಗಳ ಕಾಲ ನಿಂತ ಓಕ್ ಹೀಗೆ ಕೆಲವೇ ದಶಕಗಳಲ್ಲಿ ಒಳಗಿಂದೊಳಗೇ ಪುಡಿಯಾಗಬಹುದು. ಮರದ ಮೇಲೆ ಬಳಿದ ಪ್ಲಾಸ್ಟಿಕ್ ಬಣ್ಣವೂ ಇದೇ ಕೆಲಸ ಮಾಡುತ್ತದೆ. ಅಸಡ್ಡೆ ಮನೆಯನ್ನು ನಿಧಾನವಾಗಿ ಕೊಂದರೆ, ತಪ್ಪು ದುರಸ್ತಿ ಬೇಗ ಕೊಲ್ಲುತ್ತದೆ.

ಆದ್ದರಿಂದ ಹಳೆಯ ಕಸುಬನ್ನು ಮತ್ತೆ ಕಲಿಸುವ ಅಗತ್ಯ ಬಿತ್ತು. ಜರ್ಮನ್ ಸ್ಮಾರಕ ಸಂರಕ್ಷಣಾ ಪ್ರತಿಷ್ಠಾನದ ಆಶ್ರಯದಲ್ಲಿ 1999ರಲ್ಲಿ ಕ್ವೆಡ್ಲಿನ್‌ಬರ್ಗ್‌ನಲ್ಲಿ ಯುವಜನರ ತರಬೇತಿ ಯೋಜನೆ ಆರಂಭವಾಯಿತು. ಶಾಲೆ ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷ ಸ್ವಯಂಸೇವಕರಾಗಿ ಬಡಗಿಗಳ, ಗಾರೆಯವರ ಜೊತೆ ದುಡಿಯುತ್ತಾರೆ. 2002ರಲ್ಲಿ ಮರಚೌಕಟ್ಟಿನ ಕಟ್ಟಡಗಳಿಗೆ ಮೀಸಲಾದ ಕೇಂದ್ರವೊಂದೂ ಇಲ್ಲಿ ಹುಟ್ಟಿತು. ಇಲ್ಲಿ ಕಲಿಸುವ ಪಾಠ ಸರಳ: ಕೊಳೆತಷ್ಟನ್ನು ಮಾತ್ರ ಕತ್ತರಿಸು, ಅದೇ ಜಾತಿಯ ಮರವನ್ನು ಅದೇ ಬಗೆಯ ಕೀಲಿನಿಂದ ಜೋಡಿಸು, ಉಳಿದದ್ದನ್ನು ಮುಟ್ಟಬೇಡ. ನೀರು ತಾಗುವ ಅಡಿತೊಲೆ ಮೊದಲು ಕೆಡುವುದು ಸಹಜ. ಮನೆಯನ್ನು ತಾತ್ಕಾಲಿಕವಾಗಿ ಎತ್ತಿಹಿಡಿದು ಅದೊಂದನ್ನೇ ಬದಲಿಸಲು ಸಾಧ್ಯ. ಒಂದೇ ಗೋಡೆಯಲ್ಲಿ ಹದಿನಾರನೆಯ ಶತಮಾನದ ಕಂಬ, ಹದಿನೆಂಟನೆಯ ಶತಮಾನದ ಓರೆ ಮರ ಮತ್ತು ಇಪ್ಪತ್ತೊಂದನೆಯ ಶತಮಾನದ ಅಡಿತೊಲೆ ಒಟ್ಟಿಗೆ ಭಾರ ಹೊರುವುದು ಹೀಗೆ. ಇದರಲ್ಲಿ ಅಸಲಿ ಯಾವುದು ಎಂಬ ಪ್ರಶ್ನೆಗೆ ಅರ್ಥವಿಲ್ಲ. ದುರಸ್ತಿಯ ಪರಂಪರೆಯೇ ಇಲ್ಲಿ ಅಸಲಿ.

ನೋಡುವ ಊರೋ, ಬಾಳುವ ಊರೋ

ಇಂದು ಊರು ಮೊದಲಿಗಿಂತ ಎಷ್ಟೋ ಪಾಲು ಅಂದವಾಗಿದೆ. 2006ರಿಂದ ಹಾರ್ಟ್ಸ್ ಪರ್ವತದ ಕಿರುಹಳಿಯ ಉಗಿಬಂಡಿಯೂ ಇಲ್ಲಿಗೆ ಬರುತ್ತಿದೆ. ಕ್ರಿಸ್ಮಸ್‌ಗೆ ಮುಂಚಿನ ವಾರಾಂತ್ಯಗಳಲ್ಲಿ ಹಳೆಯ ಮನೆಗಳ ಒಳಅಂಗಳಗಳು ಸಂತೆಯಾಗಿ ತೆರೆದುಕೊಳ್ಳುತ್ತವೆ. ಹಲವು ಮನೆಗಳು ಕುಟುಂಬಗಳು ತಂಗುವ ರಜಾವಸತಿಗಳಾಗಿ, ಪ್ರವಾಸಿಗರು ಕೊಡುವ ಹಣದಿಂದ ತಮ್ಮ ಛಾವಣಿಯ ಖರ್ಚನ್ನು ತಾವೇ ದುಡಿದುಕೊಳ್ಳುತ್ತಿವೆ. ಇದು ಸಣ್ಣ ಲಾಭವಲ್ಲ.

ಆದರೆ ವಾರಾಂತ್ಯದಲ್ಲಿ ಮಾತ್ರ ದೀಪ ಹತ್ತುವ ಮನೆಗೆ ತನ್ನದೇ ಆದ ಅಪಾಯವಿದೆ. 1990ರ ನಂತರ ಪೂರ್ವದ ಇತರ ಊರುಗಳಂತೆ ಇಲ್ಲಿಂದಲೂ ಯುವಕರು ಕೆಲಸ ಹುಡುಕಿಕೊಂಡು ಹೊರಟುಹೋದರು, ಜನಸಂಖ್ಯೆ ಇಳಿಯಿತು. ಶಾಲೆ, ರೊಟ್ಟಿ ಅಂಗಡಿ, ವೈದ್ಯರು ಉಳಿಯಬೇಕಾದರೆ ವರ್ಷವಿಡೀ ಬಾಳುವ ಜನ ಬೇಕು. ಮನೆಗೂ ಅಂಥವರೇ ಬೇಕು. ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದನ್ನು ಮೊದಲು ಕೇಳುವವನು ಅದರ ಕೆಳಗೆ ಮಲಗುವವನು. ಪೂರ್ವ ಜರ್ಮನಿಯ ಕಾಲದ ಖಾಲಿ ಮನೆಗಳು ಕಲಿಸಿದ ಪಾಠವೂ ಇದೇ. ಪಾರಂಪರಿಕ ಪಟ್ಟಿಯ ಫಲಕ ಮನೆಗೆ ಗೌರವ ತರಬಹುದು, ಜಾರಿದ ಹೆಂಚನ್ನು ಅದು ಸರಿಪಡಿಸದು.

ಕ್ವೆಡ್ಲಿನ್‌ಬರ್ಗ್‌ನ ಬೀದಿಗಳಲ್ಲಿ ನಡೆಯುವವರು ಕೆತ್ತನೆಯ ಚೆಂದವನ್ನು ನೋಡುವುದು ಸಹಜ. ಅದರೊಡನೆ ಗಮನಿಸಬೇಕಾದದ್ದು, ಕಪ್ಪಾದ ಹಳೆಯ ತೊಲೆಯ ನಡುವೆ ಅಲ್ಲಲ್ಲಿ ಕಾಣುವ ತಿಳಿಬಣ್ಣದ ಹೊಸ ಓಕಿನ ತುಂಡು. ಅದು ಕಲೆಯಂತೆ ಕಂಡರೂ ಕುಂದಲ್ಲ. ಊರನ್ನು ಸಾವಿರ ವರ್ಷ ಎತ್ತಿಹಿಡಿದ ಕೈಗಳ ಸಾಲಿನಲ್ಲಿ ಅದು ತೀರ ಈಚಿನದು. ಮುಂದಿನ ಪೀಳಿಗೆ ಅದನ್ನೂ ಒಂದು ದಿನ ಕತ್ತರಿಸಿ ಬದಲಿಸಬೇಕಾಗುತ್ತದೆ. ಆ ಕೆಲಸಕ್ಕೆ ಕೈಗಳು ಊರಿನಲ್ಲೇ ಉಳಿದಿರುವವರೆಗೆ ಮನೆಗಳೂ ಉಳಿಯುತ್ತವೆ.